ಸಬ್‌ಕ್ಯುಟೇನಿಯಸ್ ಪ್ಯಾನಿಕ್ಯುಲೈಟಿಸ್ ತರದ ಟಿ-ಸೆಲ್ ಲಿಂಫೋಮಾ ಎಷ್ಟು ಅಪರೂಪ, ಹೇಗೆ ಗೊತ್ತಾಗುತ್ತೆ?
ಇದು ಟಿ-ಸೆಲ್ ಅನ್ನೋ ಬಿಳಿ ರಕ್ತಕಣಗಳಿಂದ ಶುರುವಾಗಿ ಚರ್ಮದಡಿಯ ಕೊಬ್ಬಿನ ಪದರದಲ್ಲಿ ಬೆಳೆಯೋ ಕ್ಯಾನ್ಸರ್. ತುಂಬಾನೇ ಅಪರೂಪ, ನಾನ್-ಹಾಡ್ಜ್‌ಕಿನ್ ಲಿಂಫೋಮಾ ಅನ್ನೋ ಕ್ಯಾನ್ಸರ್ ಗುಂಪಿನಲ್ಲಿ ಶೇ. 1ಕ್ಕಿಂತ ಕಮ್ಮಿ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಅದೂ ಹೆಚ್ಚಾಗಿ ಚಿಕ್ಕ ವಯಸ್ಸಲ್ಲೇ, ಮಕ್ಕಳಿಗೂ ಬರಬಹುದು.

ಕಷ್ಟ ಇರೋದು ಪತ್ತೆ ಹಚ್ಚೋದ್ರಲ್ಲಿ. ಕಾಲು, ತೋಳು, ಹೊಟ್ಟೆ ಮೇಲೆ ಚರ್ಮದಡಿ ಗಂಟು, ಜೊತೆಗೆ ಜ್ವರ, ನೋಡಿದ್ರೆ ಬರೀ ಕೊಬ್ಬಿನ ಪದರದ ಉರಿಯೂತ ಅನ್ಸುತ್ತೆ, ಸ್ಟೀರಾಯ್ಡ್ ಕೊಟ್ರೆ ಇಳಿಯುತ್ತೆ ಮತ್ತೆ ಬರುತ್ತೆ, ಹೀಗೇ ಎಷ್ಟೋ ಜನರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಹೋಗಿಬಿಡುತ್ತೆ. ಅದಕ್ಕೇ ಹೇಳೋದು, ಮೇಲ್ಮೇಲಿನ ಬಯಾಪ್ಸಿ ಸಾಲಲ್ಲ, ಕೊಬ್ಬಿನ ಪದರ ಸಿಗೋ ಹಾಗೆ ಆಳವಾಗಿ ತೆಗೀಬೇಕು. ಮೈಕ್ರೋಸ್ಕೋಪಲ್ಲಿ ಕ್ಯಾನ್ಸರ್ ಜೀವಕೋಶಗಳು ಕೊಬ್ಬಿನ ಕೋಶದ ಸುತ್ತ ಉಂಗುರದ ಹಾಗೆ ಕೂತಿರ್ತವೆ, ಕೋಶದ ಮೇಲಿನ ಗುರುತಿನ ಪ್ರೋಟೀನ್ ನೋಡಿದ್ರೆ ಸಿಡಿ8 ಪಾಸಿಟಿವ್, ಸಿಡಿ4 ಮತ್ತು ಸಿಡಿ56 ನೆಗೆಟಿವ್. ಲೂಪಸ್ ಪ್ಯಾನಿಕ್ಯುಲೈಟಿಸ್ (ಲೂಪಸ್ ಕಾಯಿಲೆಯಿಂದ ಬರೋ ಕೊಬ್ಬಿನ ಪದರದ ಉರಿಯೂತ, ಕ್ಯಾನ್ಸರ್ ಅಲ್ಲ) ಥೇಟ್ ಹೀಗೇ ಕಾಣೋದ್ರಿಂದ ಸ್ಲೈಡನ್ನ ಇನ್ನೊಬ್ಬ ಅನುಭವಿ ಪ್ಯಾಥಾಲಜಿಸ್ಟ್‌ಗೆ ತೋರಿಸೋದು ಒಳ್ಳೇದು.

2018ರಲ್ಲಿ ಗೊತ್ತಾಗಿದ್ದು, ಸುಮಾರು ರೋಗಿಗಳಲ್ಲಿ ಎಚ್‌ಎವಿಸಿಆರ್2 ಅನ್ನೋ, ರೋಗನಿರೋಧಕ ಶಕ್ತಿಯನ್ನ ಹತೋಟಿಯಲ್ಲಿಡೋ ಜೀನ್‌ನಲ್ಲಿ ಹುಟ್ಟಿನಿಂದ್ಲೇ ದೋಷ ಇರುತ್ತೆ. ಜ್ವರ ಬಿಡದೇ ಇದ್ರೆ, ರಕ್ತಕಣ ಕುಸೀತಾ ಫೆರಿಟಿನ್ (ಕಬ್ಬಿಣ ಶೇಖರಿಸೋ ಪ್ರೋಟೀನ್, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ) ಏರ್ತಾ ಇದ್ರೆ ದಯವಿಟ್ಟು ಕಾಯಬೇಡಿ, ಅದು ಎಚ್‌ಎಲ್‌ಎಚ್ ಆಗಿರಬಹುದು, ಅಂದ್ರೆ ರೋಗನಿರೋಧಕ ವ್ಯವಸ್ಥೆ ಹತೋಟಿ ತಪ್ಪಿ ಮೈಯ ಮೇಲೇ ದಾಳಿ ಮಾಡೋದು, ಜೀವಕ್ಕೇ ಅಪಾಯ. ಅದಿಲ್ಲದಿದ್ರೆ ಹೆಚ್ಚಿನವರು ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸ್ತಾರೆ.