ಒಂದು ಹಕ್ಕಿಗೆ ವಿಮಾನ ಹೆದರಬೇಕೇ?

ಗೋಣಿಕೊಪ್ಪದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಮಳೆಗಾಲದ ಒಂದು ಬೆಳಿಗ್ಗೆ ಮೊಮ್ಮಗಳ ಜೊತೆ ದುಬೈಗೆ, ಮಗನ ಮನೆಗೆ ಹೊರಟಿದ್ದರಂತೆ. ವಿಮಾನ ರನ್‌ವೇ ಮೇಲೆ ಜೋರಾಗಿ ಓಡುತ್ತಿರುವಾಗ ಪೈಲಟ್ ಗಕ್ಕನೆ ಬ್ರೇಕ್ ಹಾಕಿದರು. ಹಕ್ಕಿ ಬಡಿದಿದೆ ಎಂದರು. ಆಮೇಲೆ ಏಳು ಗಂಟೆ ಕಾಯಿಸಿದರು. "ಅಷ್ಟು ದೊಡ್ಡ ವಿಮಾನಕ್ಕೆ ಒಂದು ಹಕ್ಕಿ ಏನು ಮಾಡೀತು? ಇದು ನೆಪ ಅಲ್ವಾ? ಎಂಜಿನ್ ಬಾಯಿಗೆ ಜಾಲರಿ ಹಾಕಬಾರದೇ?" ಎಂದು ಕೇಳಿದ್ದಾರೆ. ಅದು ಯಾವ ಹಕ್ಕಿ ಎಂದು ಮೊಮ್ಮಗಳೂ ಕೇಳುತ್ತಿದ್ದಾಳಂತೆ.

ಮೇಷ್ಟ್ರೇ, ಮಗುವನ್ನು ಕಟ್ಟಿಕೊಂಡು ಏಳು ಗಂಟೆ ಕಾಯುವುದು ಸಣ್ಣ ಮಾತಲ್ಲ. ಆದರೂ ಹೇಳುತ್ತೇನೆ, ಆ ಪೈಲಟ್ ನಿಮಗೆ ಒಳ್ಳೆಯದನ್ನೇ ಮಾಡಿದರು.

ಒಂದು ಲೆಕ್ಕ ಹಾಕೋಣ. ನೆಲ ಬಿಡುವ ಹೊತ್ತಿಗೆ ಇಂಥ ವಿಮಾನದ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ಆ ವೇಗದಲ್ಲಿ 1 ಕೆಜಿಯ ಹಕ್ಕಿ ಬಡಿದರೆ, 50 ಕೆಜಿ ಕಾಫಿ ಮೂಟೆಯನ್ನು 17 ಅಡಿ ಮೇಲಿಂದ ಕೆಡವಿದಷ್ಟು ಪೆಟ್ಟು. ಅದೂ ಅಂಗೈಯಗಲದ ಜಾಗಕ್ಕೆ. ಎಂಜಿನ್ನಿನ ಬ್ಲೇಡುಗಳು ಬೇರೆ ಇದಕ್ಕಿಂತ ಎಷ್ಟೋ ಜಾಸ್ತಿ ವೇಗದಲ್ಲಿ ತಿರುಗುತ್ತಿರುತ್ತವೆ. ಒಂದೆರಡು ಬ್ಲೇಡು ಬಾಗಿದರೂ ಒಳಗೆ ಹೋಗುವ ಗಾಳಿಯ ಓಟ ಕೆಡುತ್ತದೆ. ಎಂಜಿನ್ ಢಬ್ ಢಬ್ ಎನ್ನುತ್ತದೆ, ಹಿಂದಿನಿಂದ ಬೆಂಕಿ ಕಾರುತ್ತದೆ.

ಏಳುವಾಗಲೇ ಇದು ಜಾಸ್ತಿ ಅಪಾಯ. ಟ್ಯಾಂಕ್ ತುಂಬಾ ಇಂಧನ, ಎಂಜಿನ್ನಿಗೆ ಪೂರ್ತಿ ಕೆಲಸ, ಯೋಚಿಸಲು ಕ್ಷಣಗಳು ಮಾತ್ರ. ಪ್ರತಿ ಸಲ ಹೊರಡುವ ಮುಂಚೆ ಪೈಲಟ್‌ಗಳು ಒಂದು ವೇಗವನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಅದಕ್ಕೆ ವಿ-ಒನ್ ಎನ್ನುತ್ತಾರೆ. ಅದು ದಾಟುವ ಮುಂಚೆ ತೊಂದರೆಯಾದರೆ ನಿಲ್ಲಿಸಬಹುದು. ದಾಟಿದ ಮೇಲೆ ನಿಲ್ಲಿಸಲು ರನ್‌ವೇ ಸಾಲುವುದಿಲ್ಲ, ಏಳಲೇಬೇಕು. ನಿಮ್ಮ ಪೈಲಟ್‌ಗೆ ನಿಲ್ಲಿಸಲು ಇನ್ನೂ ಜಾಗವಿತ್ತು.

ಎದ್ದ ಮೇಲೆ ಏನಾಗುತ್ತದೆ ಎಂಬುದಕ್ಕೆ ಪಾಟ್ನಾ ಇದೆ. 2022ರ ಜೂನ್ 19ರಂದು ದೆಹಲಿಗೆ ಹೊರಟ ವಿಮಾನಕ್ಕೆ ಹಕ್ಕಿ ಬಡಿದು ಎಡ ಎಂಜಿನ್ನಿಗೆ ಬೆಂಕಿ ಹತ್ತಿತು. ಕ್ಯಾಪ್ಟನ್ ಮೋನಿಕಾ ಖನ್ನಾ ಆ ಎಂಜಿನ್ ಆರಿಸಿ, ಇನ್ನೊಂದರ ಬಲದಲ್ಲೇ ವಾಪಸ್ ಇಳಿಸಿದರು. 185 ಪ್ರಯಾಣಿಕರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಒಂದು ಎಂಜಿನ್ ಹೋದರೆ ಇನ್ನೊಂದು ಕಾಯುತ್ತದೆ. ಎರಡೂ ಹೋದರೆ ಕಷ್ಟ. 2009ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಹೆಬ್ಬಾತುಗಳ ಹಿಂಡು ಎರಡೂ ಎಂಜಿನ್ನಿಗೆ ನುಗ್ಗಿ, ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಬೇಕಾಯಿತು. 155 ಜನರೂ ಉಳಿದರು. 1960ರಲ್ಲಿ ಬಾಸ್ಟನ್ನಿನಲ್ಲಿ ಆ ಅದೃಷ್ಟ ಇರಲಿಲ್ಲ. ನಮ್ಮ ಗೊರವಂಕದ ಬಳಗದ ಪುಟ್ಟ ಹಕ್ಕಿಗಳ ಹಿಂಡು ಅದು. 62 ಜನ ತೀರಿಕೊಂಡರು.

ಏಳು ಗಂಟೆ ಯಾಕೆ ಅಂದರೆ, ಅಷ್ಟು ವೇಗದಲ್ಲಿ ಹಿಡಿದ ಬ್ರೇಕು ಕೆಂಡದಂತೆ ಕಾದಿರುತ್ತದೆ. ಅದು ತಣಿಯಬೇಕು. ಆಮೇಲೆ ತೆಳು ಕೊಳವೆಯ ತುದಿಗಿರುವ ಕ್ಯಾಮೆರಾ ತೂರಿಸಿ ಎಂಜಿನ್ ಒಳಗೆಲ್ಲ ನೋಡಬೇಕು. ಜಾಲರಿಯ ಮಾತು ಎಲ್ಲರಿಗೂ ಹೊಳೆಯುತ್ತದೆ. ಆದರೆ ಹಕ್ಕಿಯನ್ನು ತಡೆಯುವಷ್ಟು ಗಟ್ಟಿ ಜಾಲರಿ ಗಾಳಿಯನ್ನೂ ತಡೆಯುತ್ತದೆ, ಮೇಲೆ ಹೋದಾಗ ಅದರ ಮೇಲೆ ಹಿಮ ಕಟ್ಟುತ್ತದೆ. ಮುರಿದರೆ ಹಕ್ಕಿಯ ಜೊತೆ ಕಬ್ಬಿಣವೂ ಒಳಗೆ!

ಹಕ್ಕಿ ಅಲ್ಲಿಗೆ ಯಾಕೆ ಬರುತ್ತದೆ ಎಂಬುದು ನನ್ನನ್ನು ಹೆಚ್ಚು ಕಾಡುವ ವಿಷಯ. ಗದ್ದೆಗೆ ಟಿಲ್ಲರ್ ಇಳಿಸಿದ ದಿನ ನೋಡಿದ್ದೀರಲ್ಲ. ಬೆಳ್ಳಕ್ಕಿಗಳು ಚಕ್ರದಿಂದ ಎರಡೇ ಹೆಜ್ಜೆ ಹಿಂದೆ ಬರುತ್ತವೆ. ಅಷ್ಟು ಸದ್ದಿಗೂ ಕದಲುವುದಿಲ್ಲ. ಕಣ್ಣೆಲ್ಲ ಕೆಸರಿನ ಮೇಲೆ, ಹುಳ ಕಂಡರೆ ಟಕ್ಕನೆ ಕೊಕ್ಕು. ರನ್‌ವೇ ಪಕ್ಕದ ಹುಲ್ಲಲ್ಲೂ ಮಳೆ ಬಿದ್ದಾಗ ಹುಳ ಏಳುತ್ತದೆ, ಹಕ್ಕಿ ಇಳಿಯುತ್ತದೆ. ನಮ್ಮ ದೇಶದಲ್ಲಿ ಮಳೆಗಾಲದಲ್ಲೇ ಇಂಥ ಘಟನೆ ಜಾಸ್ತಿ. ಹಕ್ಕಿ ಓಡಿಸಲು ಬರೀ ಸದ್ದು ಮಾಡುವ ಗ್ಯಾಸ್ ಗನ್ ಹಾರಿಸುತ್ತಾರೆ, ಪಟಾಕಿ ಹೊಡೆಯುತ್ತಾರೆ. ತೋಟಕ್ಕೆ ಬರುವ ಆನೆ ಪಟಾಕಿಗೆ ಹೇಗೆ ಒಗ್ಗಿಕೊಂಡಿತೋ, ಹಕ್ಕಿಗಳೂ ಹಾಗೇ ಒಗ್ಗಿಕೊಳ್ಳುತ್ತವೆ.

ಹದ್ದಿನ ಕಥೆ ಬೇರೆ. ಅದು ಬರುವುದು ನಾವು ಎಸೆದದ್ದಕ್ಕೆ. ಭಾನುವಾರ ಸಂಜೆ ನಮ್ಮ ರಸ್ತೆ ತಿರುವುಗಳಲ್ಲಿ ಬಿದ್ದ ಕೋಳಿ ಕರುಳಿನ ಚೀಲಗಳ ಮೇಲೆ ಹತ್ತಾರು ಹದ್ದು ಸುತ್ತುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ವಿಮಾನ ನಿಲ್ದಾಣದ 10 ಕಿಲೋಮೀಟರ್ ಒಳಗೆ ಹೀಗೆ ಹಕ್ಕಿ ಸೆಳೆಯುವ ಕಸ ಸುರಿಯಬಾರದು ಎಂದೇ 1937ರ ವಿಮಾನ ನಿಯಮಗಳಲ್ಲಿ ಸೇರಿಸಿದ್ದರು. ಏರೋ ಇಂಡಿಯಾ ಸಮಯದಲ್ಲಿ ಯಲಹಂಕದ ಸುತ್ತ ಮಾಂಸದಂಗಡಿ ಮುಚ್ಚಿಸುವುದೂ ಇದಕ್ಕೇ, ಸುಮ್ನೆ ಅಲ್ಲ.

ಇನ್ನು ಮೊಮ್ಮಗಳ ಪ್ರಶ್ನೆ. ಬ್ಲೇಡಿಗೆ ಅಂಟಿದ ಗರಿ, ರಕ್ತವನ್ನು ಒರೆಸಿ ಲ್ಯಾಬಿಗೆ ಕಳಿಸಿದರೆ ಡಿಎನ್‌ಎ ನೋಡಿ ಜಾತಿ ಹೇಳುತ್ತಾರೆ. ನೆಲದ ಮೇಲೆ ಓಡಾಡಿ ಹುಳ ಹೆಕ್ಕುವ ಟಿಟ್ಟಿಭ ಹಕ್ಕಿಯಾದರೆ ನಿಲ್ದಾಣದವರು ರನ್‌ವೇ ಪಕ್ಕದ ಹುಲ್ಲು ನೋಡಿಕೊಳ್ಳಬೇಕು, ಹದ್ದಾದರೆ ಬೇಲಿಯಾಚೆಯ ತಿಪ್ಪೆ. ಮಳೆಗಾಲದ ಬೆಳಿಗ್ಗೆ ಎಂದಿರುವುದರಿಂದ ನನ್ನ ಊಹೆ ಟಿಟ್ಟಿಭ. ಮರದ ಮೇಲೆ ಗೂಡು ಕಟ್ಟುವುದಿಲ್ಲ, ಬಯಲು ನೆಲದಲ್ಲೇ ಮೊಟ್ಟೆ ಇಡುತ್ತದೆ. ನಿಮ್ಮ ಕಡೆ ಗದ್ದೆ ಬಯಲಲ್ಲೂ ಸಿಗುತ್ತದೆ, ಅವಳಿಗೆ ತೋರಿಸಿ. ಹತ್ತಿರ ಹೋದರೆ ಅದೇ ಕೂಗಿ ಹೇಳುತ್ತದೆ.