ಸುತ್ತು ಕಡಿಮೆ ಬಂದರೆ ಬಿಸಿಲನ್ನು ದೂರಬೇಡಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಎಚ್‌ಎಎಲ್‌ನ ಎರಡು ಸೀಟಿನ ಹಳೆಯ ಪುಷ್ಪಕ್ ವಿಮಾನವೊಂದನ್ನು ಮತ್ತೆ ಹಾರುವ ಸ್ಥಿತಿಗೆ ತರುತ್ತಿದ್ದೇವೆ. ಎಂಜಿನ್ ಕಾಂಟಿನೆಂಟಲ್ ಸಿ90. ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿ ಪೂರ್ತಿ ಥ್ರಾಟಲ್ ಕೊಟ್ಟರೆ ಡೇಟಾ ಶೀಟ್ ಹೇಳುವ ಕನಿಷ್ಠಕ್ಕಿಂತ 150 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಕಡಿಮೆ ತೋರಿಸುತ್ತದೆ. ‘ಮೈಸೂರು ಎತ್ತರದಲ್ಲಿದೆ, ಏಪ್ರಿಲ್ ಬಿಸಿಲು ಬೇರೆ, ಅದಕ್ಕೇ ಹೀಗೆ’ ಎನ್ನುತ್ತಾರೆ. ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿಸೋಣವೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಈಗಲೇ ಬೇಡ. ಎಂಜಿನ್ನಿನ ಕಾಯಿಲೆಗೆ ಪ್ರೊಪೆಲ್ಲರ್ ಬದಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ.

ಬಿಸಿಲಿನ ಮಾತನ್ನೇ ಮೊದಲು ನೋಡೋಣ. ಮಂಡಕಳ್ಳಿ ಸಮುದ್ರಮಟ್ಟದಿಂದ ಸುಮಾರು 2300 ಅಡಿ ಮೇಲಿದೆ. 35 ಡಿಗ್ರಿ ಬಿಸಿಲಿನಲ್ಲಿ ಅಲ್ಲಿನ ಗಾಳಿ 5200 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಸಮುದ್ರಮಟ್ಟದ ಸಾಂದ್ರತೆ 100 ಎಂದುಕೊಂಡರೆ ಇಲ್ಲಿ 85ರ ಆಸುಪಾಸು. ಎಂಜಿನ್ನಿನ ಶಕ್ತಿ ಇನ್ನೂ ಒಂದಿಷ್ಟು ಹೆಚ್ಚು ಇಳಿದು 83–84ಕ್ಕೆ ಬರುತ್ತದೆ. ಆದರೆ ತೆಳು ಗಾಳಿಯಲ್ಲಿ ಪ್ರೊಪೆಲ್ಲರ್ ತಿರುಗಿಸಲು ಬೇಕಾದ ಶಕ್ತಿಯೂ ಅಷ್ಟೇ ಇಳಿದಿರುತ್ತದೆ. ಎರಡೂ ಹೆಚ್ಚುಕಡಿಮೆ ಜೊತೆಯಾಗಿ ಇಳಿಯುವುದರಿಂದ ಸುತ್ತು ಕಡಿಮೆಯಾಗುವುದು ನೂರಕ್ಕೆ ಒಂದರಷ್ಟೂ ಇಲ್ಲ. ಉದಾಹರಣೆಗೆ, 2300 ಬರಬೇಕಾದ ಕಡೆ 2280 ಬಂದರೆ ಅದು ಹವೆಯ ಲೆಕ್ಕ. 2150 ಬಂದರೆ ಅಲ್ಲ. ಎಳೆತ ಮಾತ್ರ ನೂರಕ್ಕೆ 15–16 ಕಡಿಮೆಯಾಗುತ್ತದೆ. ಅದನ್ನು ಸುತ್ತು ಅಳೆಯುವ ಟ್ಯಾಕೋಮೀಟರ್ ತೋರಿಸುವುದಿಲ್ಲ, ರನ್‌ವೇ ತೋರಿಸುತ್ತದೆ.

ಪ್ರೊಪೆಲ್ಲರ್ ಹೀರುವ ಶಕ್ತಿ ಸುತ್ತಿನ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 2300ರ ಬದಲು 2150 ಎಂದರೆ ಶಕ್ತಿಯಲ್ಲಿ ನೂರಕ್ಕೆ ಸುಮಾರು 18 ಕಾಣೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಮುಕ್ಕಾಲು ಪಾಲು ದುಡಿಯದೇ ಇರುವಷ್ಟು ನಷ್ಟ.

ಅಥವಾ ಟ್ಯಾಕೋಮೀಟರೇ ಸುಳ್ಳು ಹೇಳುತ್ತಿರಬಹುದು. ಹಳೆಯ ಮೆಕ್ಯಾನಿಕಲ್ ಟ್ಯಾಕೋ 100 ಸುತ್ತು ಆಚೀಚೆ ತೋರಿಸುವುದು ಅಪರೂಪವೇನಲ್ಲ. ಬೆಳಕಿನಿಂದ ಅಳೆಯುವ ಟ್ಯಾಕೋ ತನ್ನಿ. ಎರಡು ಬ್ಲೇಡಿಗೆ ಹೊಂದಿಸಿ, ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಕಡೆ ಹಿಡಿಯಿರಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಆದ್ದರಿಂದ ಟ್ಯಾಕೋ 3000 ತೋರಿಸಬೇಕು. ತೋರಿಸಿದರೆ ಅದನ್ನು ನಂಬಬಹುದು. ಈ ಹಂತ ಬಿಡಬೇಡಿ. ಕಾಕ್‌ಪಿಟ್ಟಿನ ಟ್ಯಾಕೋ 150 ಕಡಿಮೆ ತೋರಿಸುತ್ತಿದ್ದು, ನೀವು ಕಡಿಮೆ ಪಿಚ್ಚಿನ ಪ್ರೊಪೆಲ್ಲರ್ ಹಾಕಿದಿರಿ ಎನ್ನಿ. ಮುಳ್ಳು 2475ರಲ್ಲಿ ತಣ್ಣಗೆ ನಿಂತಿರುವಾಗ ಎಂಜಿನ್ ನಿಜವಾಗಿ 2625ರಲ್ಲಿ ಓಡುತ್ತಿರುತ್ತದೆ. ಸಿ90ಗೆ ಅದು ಟೇಕಾಫಿನ ಮಿತಿ, ಸತತವಾಗಿ ಓಡಿಸಲು 2475 ಮಾತ್ರ.

ಟ್ಯಾಕೋ ಸರಿಯಿದ್ದರೆ ಕೌಲಿಂಗ್ (ಎಂಜಿನ್ನಿನ ಹೊರಮುಚ್ಚಳ) ಬಿಚ್ಚಿ. ಕಾಕ್‌ಪಿಟ್ಟಿನಲ್ಲಿ ಥ್ರಾಟಲ್ ಕೊನೆಗೆ ಹೋದಾಗ ಕಾರ್ಬ್ಯುರೇಟರಿನ ತೋಳು ತನ್ನ ಸ್ಟಾಪ್ ಮುಟ್ಟುತ್ತದೆಯೇ, ಕಣ್ಣಾರೆ ನೋಡಿ. ಕಾರ್ಬ್ಯುರೇಟರ್ ಮಂಜುಗಟ್ಟದಂತೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟಿನ ಬಾಗಿಲು ಪೂರ್ತಿ ಮುಚ್ಚದಿದ್ದರೆ ಬಿಸಿಗಾಳಿ ಸದಾ ಒಳಗೆ ಹೋಗುತ್ತಿರುತ್ತದೆ, ಹಳೆಯ ವಿಮಾನಗಳಲ್ಲಿ ಇದು ತೀರಾ ಸಾಮಾನ್ಯ. ಆಮೇಲೆ ಮ್ಯಾಗ್ನೆಟೊ (ಕಿಡಿ ಕೊಡುವ ಸಾಧನ) ಟೈಮಿಂಗ್, ಕೊನೆಗೆ ಕಂಪ್ರೆಷನ್, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಹಿಡಿದಿಡುತ್ತದೆ ಎಂಬುದು. 80 ಪಿಎಸ್‌ಐ ಒತ್ತಡದ ಗಾಳಿ ಕೊಟ್ಟಾಗ ಯಾವುದಾದರೂ ಸಿಲಿಂಡರ್ 60ಕ್ಕಿಂತ ಕೆಳಗೆ ನಿಂತರೆ ಗಾಳಿ ಎಲ್ಲಿ ಸೋರುತ್ತಿದೆ ಎಂದು ಕಿವಿಯಿಟ್ಟು ಕೇಳಿ. ಎಕ್ಸಾಸ್ಟ್ ಕೊಳವೆಯಲ್ಲಿ ಸುಸ್ಸೆಂದರೆ ವಾಲ್ವ್, ಬ್ರೀದರಿನಲ್ಲಿ (ಎಂಜಿನ್ನಿನ ಒಳಗಾಳಿ ಹೊರಬಿಡುವ ಕೊಳವೆ) ಕೇಳಿದರೆ ಪಿಸ್ಟನ್ನಿನ ರಿಂಗು.

ಪರೀಕ್ಷೆ ಮಾಡುವ ಕ್ರಮವೂ ಮುಖ್ಯ. ಬೆಳಗಿನ ಜಾವ, ಎಲೆ ಅಲುಗದ ಹೊತ್ತು ಒಳ್ಳೆಯದು. ಎದುರುಗಾಳಿ ಇದ್ದರೆ ಸುತ್ತು ಸುಳ್ಳೇ ಏರುತ್ತದೆ. ಸ್ವಲ್ಪ ಗಾಳಿ ಇದ್ದರೆ ವಿಮಾನವನ್ನು ಅಡ್ಡಗಾಳಿಗೆ ನಿಲ್ಲಿಸಿ ಒಮ್ಮೆ ಅಳೆಯಿರಿ, ಪೂರ್ತಿ ತಿರುಗಿಸಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆದುಕೊಳ್ಳಿ. ಜಲ್ಲಿಯಿಲ್ಲದ ಗಟ್ಟಿ ನೆಲ ಬೇಕು. ಬ್ರೇಕ್ ನಂಬಬೇಡಿ: ಚಕ್ರಕ್ಕೆ ಚಾಕ್ (ಉರುಳದಂತೆ ತಡೆಯುವ ಗಟ್ಟೆ) ಇಟ್ಟು, ಬಾಲವನ್ನು ಹಗ್ಗದಿಂದ ಬಿಗಿದು, ಸ್ಟಿಕ್ ಪೂರ್ತಿ ಹಿಂದಕ್ಕೆ ಎಳೆದು ಹಿಡಿಯಬೇಕು. ಎಂಜಿನ್ ಕಾದ ಮೇಲೆ 10–15 ಸೆಕೆಂಡು ಪೂರ್ತಿ ಥ್ರಾಟಲ್ ಸಾಕು, ನಿಂತ ವಿಮಾನದ ಸಿಲಿಂಡರಿಗೆ ತಂಪು ಸಿಗುವುದಿಲ್ಲ. ಬ್ಲೇಡ್ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು.

ಪ್ರಶ್ನೆ: ಪುಷ್ಪಕ್‌ನ ಸಿ90 ಎಂಜಿನ್ನಿಗೆ 71 ಇಂಚಿನ ಲೋಹದ ಪ್ರೊಪೆಲ್ಲರಿನಲ್ಲಿ 44 ಪಿಚ್ಚೋ 48 ಪಿಚ್ಚೋ? ನಮ್ಮ ಹಾರಾಟವೆಲ್ಲ ಮೈಸೂರಿನ ಸುತ್ತಮುತ್ತಲೇ, ಹೆಚ್ಚಾಗಿ ಇಬ್ಬರು ಕೂತು.
– ಓದುಗರು, ವಿಜಯನಗರ, ಮೈಸೂರು

ಉತ್ತರ: ಎರಡೂ ನಿಮ್ಮ ವಿಮಾನದ ಟೈಪ್ ಸರ್ಟಿಫಿಕೇಟಿನ (ವಿಮಾನದ ಮಾದರಿಗೆ ಸಿಕ್ಕ ಅನುಮೋದನೆ) ಪಟ್ಟಿಯಲ್ಲಿದ್ದರೆ 44ರ ಕಡೆಗೇ ನಮ್ಮ ಒಲವು. ಪಟ್ಟಿಯಲ್ಲಿ ಇಲ್ಲದ್ದನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಇದು ಬರೀ ಕಾಗದದ ಮಾತಲ್ಲ. ಲೋಹದ ಬ್ಲೇಡ್ ಮತ್ತು ಕ್ರ್ಯಾಂಕ್‌ಶಾಫ್ಟ್ ಸೇರಿ ಕೆಲವು ಸುತ್ತಿನಲ್ಲಿ ಕಂಪಿಸುತ್ತವೆ. ಜೋಡಿ ತಪ್ಪಿದರೆ ಬ್ಲೇಡ್ ದಣಿದು ಬಿರುಕು ಬಿಡುತ್ತದೆ.

48 ಪಿಚ್ ಎಂದರೆ ಒಂದು ಸುತ್ತಿಗೆ 48 ಇಂಚು ಮುಂದೆ ಸಾಗುವ ಲೆಕ್ಕ. ಗಾಳಿಯಲ್ಲಿ ಜಾರುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 2475 ಸುತ್ತಿಗೆ ಗಂಟೆಗೆ 181 ಕಿ.ಮೀ. ದೂರದ ಪಯಣಕ್ಕೆ ಅದು ಚೆಂದ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಇಬ್ಬರನ್ನು ಹೊತ್ತು ಏರುವಾಗ ಎಂಜಿನ್ ತನ್ನ ಪೂರ್ತಿ ಸುತ್ತಿಗೆ ಬರುವುದೇ ಇಲ್ಲ, ಅಂದರೆ ಪೂರ್ತಿ ಶಕ್ತಿಯೂ ಸಿಗುವುದಿಲ್ಲ. ಮಂಡಕಳ್ಳಿಯಿಂದ ಎದ್ದರೆ ಉತ್ತರಕ್ಕೆ ಚಾಮುಂಡಿ ಬೆಟ್ಟ, ನೆಲದಿಂದ ಸಾವಿರ ಅಡಿಗೂ ಮೇಲೆ. ಏರುವ ಬಲಕ್ಕೆ ಇಲ್ಲಿ ಬೆಲೆಯಿದೆ.

ಹಬ್ಬಿನ (ಪ್ರೊಪೆಲ್ಲರಿನ ನಡುಭಾಗ) ಮೇಲೆ ಕೊರೆದ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ, ಹಿಂದೆ ಯಾರೋ ತಿರುಚಿಸಿ ಪಿಚ್ ಬದಲಿಸಿರಬಹುದು. ಅಳೆದು ನೋಡಿ. ಬ್ಲೇಡನ್ನು ಅಡ್ಡಕ್ಕೆ ನಿಲ್ಲಿಸಿ ಡಿಜಿಟಲ್ ಪ್ರೊಟ್ರ್ಯಾಕ್ಟರನ್ನು ಹಬ್ಬಿನ ಮುಖಕ್ಕೆ ಹಿಡಿದು ಸೊನ್ನೆ ಮಾಡಿಕೊಳ್ಳಿ. ನಂತರ ತಯಾರಕರು ಹೇಳಿದ ಜಾಗದಲ್ಲಿ, ಸಾಮಾನ್ಯವಾಗಿ ತ್ರಿಜ್ಯದ ಮುಕ್ಕಾಲು ಭಾಗದಲ್ಲಿ, ಬ್ಲೇಡಿನ ಚಪ್ಪಟೆ ಮುಖದ ಕೋನ ನೋಡಿ. 71 ಇಂಚಿಗೆ ಆ ಜಾಗ ನಡುವಿನಿಂದ 26.6 ಇಂಚು. ಅಲ್ಲಿ 48 ಪಿಚ್ಚಿಗೆ ಸುಮಾರು 16 ಡಿಗ್ರಿ, 44ಕ್ಕೆ 14.7. ಒಂದು ಇಂಚು ಪಿಚ್ ಎಂದರೆ ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ಎರಡು ಬ್ಲೇಡಿನ ನಡುವೆ ಅರ್ಧ ಡಿಗ್ರಿ ವ್ಯತ್ಯಾಸ ಕಂಡರೆ ಅದು ಸಣ್ಣದಲ್ಲ, ಪ್ರೊಪೆಲ್ಲರ್ ಶಾಪಿಗೆ ಕಳಿಸಿ.

ಹಾಕಿದ ಮೇಲೆ ಟ್ರ್ಯಾಕ್, ಅಂದರೆ ಎರಡೂ ತುದಿ ಒಂದೇ ಹಾದಿಯಲ್ಲಿ ತಿರುಗುತ್ತವೆಯೇ ಎಂದು ನೋಡಬೇಕು. ಮ್ಯಾಗ್ನೆಟೊ ಆಫ್, ಸಿಲಿಂಡರಿಗೆ ಒಂದೊಂದು ಪ್ಲಗ್ ಕಳಚಿ, ಬ್ಲೇಡಿನ ತುದಿ ತಾಗುವಷ್ಟು ಹತ್ತಿರ ಮರದ ದಿಮ್ಮಿಯೊಂದನ್ನು ಅಲುಗದಂತೆ ಇಡಿ. ಒಂದು ತುದಿಯ ಜಾಗ ಗೆರೆ ಹಾಕಿ, ಕೈಯಿಂದ ತಿರುಗಿಸಿ ಇನ್ನೊಂದನ್ನು ತನ್ನಿ. ಲೋಹದ್ದಕ್ಕೆ ಎರಡು ಗೆರೆಗಳ ಅಂತರ 1.6 ಮಿ.ಮೀ. ಒಳಗಿರಬೇಕು, ಮರದ್ದಕ್ಕೆ 3 ಮಿ.ಮೀ.

ಕೊನೆಯ ತೀರ್ಪು ಹಾರಾಟದಲ್ಲಿ. ಸಮತಲವಾಗಿ ಹಾರುತ್ತಾ ನಿಧಾನವಾಗಿ ಪೂರ್ತಿ ಥ್ರಾಟಲ್ ಕೊಡಿ. ಸುತ್ತು 2475ಕ್ಕೂ ಬಾರದಿದ್ದರೆ ಪಿಚ್ ಹೆಚ್ಚಾಯಿತು. 2625 ದಾಟಲು ಹೊರಟರೆ ಕಡಿಮೆಯಾಯಿತು, ಕೂಡಲೇ ಥ್ರಾಟಲ್ ಹಿಂದಕ್ಕೆ. ಏರುವಾಗ ಒಂದೇ ವೇಗ ಹಿಡಿದು 1000 ಅಡಿಗೆ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಿ, ಜೊತೆಗೆ ಉಷ್ಣಾಂಶ ಮತ್ತು ತೂಕ. ಅವೆರಡು ಇಲ್ಲದ ಅಂಕಿಯನ್ನು ಇನ್ನೊಂದು ದಿನದ ಅಂಕಿಗೆ ಹೋಲಿಸಲು ಬರುವುದಿಲ್ಲ.

ಪ್ರಶ್ನೆ: ಮರದ ಪ್ರೊಪೆಲ್ಲರ್ ಹಾಕಿದರೆ ಹಳೆಯ ವಿಮಾನಕ್ಕೆ ಲಕ್ಷಣ. ನಮ್ಮ ಹವೆಗೆ ತಡೆಯುತ್ತದೆಯೇ?
– ಓದುಗರು, ಮಂಡ್ಯ

ಉತ್ತರ: ತಡೆಯುತ್ತದೆ, ಬೋಲ್ಟಿನ ಮೇಲೆ ಕಣ್ಣಿಟ್ಟರೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಮಾರ್ಚಿನ ಒಣಹವೆಗೆ ಕುಗ್ಗುತ್ತದೆ. ಕುಗ್ಗಿದಾಗ ಬೋಲ್ಟಿನ ಬಿಗಿ ತಾನೇ ಸಡಿಲ. ಎಂಜಿನ್ನಿನ ತಿರುಚುಬಲ ಮರಕ್ಕೆ ದಾಟುವುದು ಮುಖ್ಯವಾಗಿ ಫ್ಲ್ಯಾಂಜ್ (ಪ್ರೊಪೆಲ್ಲರ್ ಕೂರುವ ಎಂಜಿನ್ನಿನ ತಟ್ಟೆ) ಮತ್ತು ಮರದ ನಡುವಿನ ಉಜ್ಜುವಿಕೆಯಿಂದ. ಬಿಗಿ ಹೋದರೆ ಆ ಹಿಡಿತವೂ ಹೋಯಿತು. ಬಿಚ್ಚಿ ನೋಡಿದಾಗ ಹಬ್ಬಿನ ಮುಖ ಕಂದಿ ಕರಿಕಾಗಿದ್ದರೆ ಅಥವಾ ಬೋಲ್ಟಿನ ತೂತು ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಆ ಪ್ರೊಪೆಲ್ಲರಿನ ಆಯಸ್ಸು ಮುಗಿಯಿತು. ಮೊದಲ ಹಾರಾಟದ ಬಳಿಕ, 25 ಗಂಟೆಗೆ, ಆಮೇಲೆ ಪ್ರತಿ 50 ಗಂಟೆಗೆ ಮತ್ತು ಋತು ಬದಲಾದಾಗ ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸಿ. ಅಳತೆ ತಯಾರಕರ ಹಾಳೆಯದ್ದೇ ಇರಲಿ. ಇನ್ನೊಂದಿಷ್ಟು ಬಿಗಿದರೆ ಒಳ್ಳೆಯದೆಂದು ಜಗ್ಗಿದರೆ ಮರದ ನಾರು ಜಜ್ಜಿಹೋಗುತ್ತದೆ.

ನಿಲ್ಲಿಸುವಾಗ ಬ್ಲೇಡ್ ಅಡ್ಡಕ್ಕೇ ಇರಲಿ. ಲಂಬವಾಗಿ ನಿಂತರೆ ತೇವ ಕೆಳಬ್ಲೇಡಿಗೆ ಇಳಿದು ತೂಕದ ಸಮತೋಲ ಕೆಡುತ್ತದೆ. ತುದಿಯ ಹಿತ್ತಾಳೆ ಕವಚದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳಿರುತ್ತವೆ. ಅವು ಒಳಗಿನ ತೇವ ಹೊರಹೋಗುವ ದಾರಿ, ಬಣ್ಣ ಬಳಿಯುವ ಹುರುಪಿನಲ್ಲಿ ಮುಚ್ಚಬೇಡಿ.

ಇನ್ನೊಂದು ವಿಷಯ: ಮರದ್ದು ಲೋಹದ ಪ್ರೊಪೆಲ್ಲರಿನ ಸುಮಾರು ಅರ್ಧ ತೂಕ. ಮೂಗಿನ ತುದಿಯಲ್ಲಿ ಅಷ್ಟು ಭಾರ ಇಳಿದರೆ ಗುರುತ್ವ ಕೇಂದ್ರ ಹಿಂದೆ ಸರಿಯುತ್ತದೆ, ವಿಮಾನವನ್ನು ಮತ್ತೆ ತೂಗಿಸಿ. ಪುಷ್ಪಕ್‌ನಲ್ಲಿರುವ ಸಿ90-8ಎಫ್ ಎಂಜಿನ್ನಿಗೆ ಸ್ಟಾರ್ಟರ್ ಇಲ್ಲ, ಕೈಯಲ್ಲೇ ತಿರುಗಿಸಬೇಕು. ಆದ್ದರಿಂದ ಕಂಪ್ರೆಷನ್ ತಾಗುವಾಗ ಬ್ಲೇಡ್ ಅಡ್ಡಗೆರೆಗಿಂತ ತುಸು ಮೇಲಿರುವಂತೆ ಬೋಲ್ಟಿನ ತೂತು ಆರಿಸಿ. ತೀರಾ ಮೇಲಿದ್ದರೆ ತಿರುಗಿಸುವವರು ಮುಂದಕ್ಕೆ ಬಾಗಬೇಕಾಗುತ್ತದೆ, ಅದು ಅಪಾಯದ ಭಂಗಿ.

ಪ್ರಶ್ನೆ: ಲೋಹದ ಬ್ಲೇಡಿನ ಅಂಚಿಗೆ ಕಲ್ಲು ಬಡಿದು ಸಣ್ಣ ಕಚ್ಚು ಬಿದ್ದಿದೆ. ಮುಂದಿನ ಸರ್ವಿಸಿನವರೆಗೆ ಬಿಡಬಹುದೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಒಂದು ಹಾರಾಟಕ್ಕೂ ಬೇಡ. ಚೂಪಾದ ಕಚ್ಚಿನ ತಳದಿಂದಲೇ ಬಿರುಕು ಹುಟ್ಟುತ್ತದೆ. ಪರವಾನಗಿ ಇರುವ ಎಂಜಿನಿಯರ್ ಸಣ್ಣ ಅರದಿಂದ ಅದನ್ನು ಅಗಲವಾದ, ನುಣುಪಾದ ತಗ್ಗಾಗಿ ತೀಡಿ, ತಳದಲ್ಲಿ ಬಿರುಕಿಲ್ಲವೆಂದು ಭೂತಗನ್ನಡಿಯಲ್ಲಿ ನೋಡಿ, ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದ ಮೇಲೆ ಹಾರಿಸಿ.