ಕಡಲಂಚಿನ ಚಿಮಣಿಗಳು, ಕೋಲಾರದ ಕ್ಯಾಪ್ಟನ್‌ಗಳು

ಬಂಗಾರಪೇಟೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ ಹೀಗಿದೆ: "ಮಗ ಸೊಸೆ ಬ್ರಿಸ್ಟಲ್‌ನಲ್ಲಿದ್ದಾರೆ. ಮೇ ತಿಂಗಳಲ್ಲಿ ನಾವು ಹೋದಾಗ ನಾಲ್ಕು ದಿನ ಕಾರ್ನ್‌ವಾಲ್ ತೋರಿಸ್ತಾರಂತೆ. ಅವರು ಕಳಿಸಿದ ಫೋಟೊಗಳಲ್ಲಿ ಸಮುದ್ರದ ಅಂಚಿಗೇ ಪಾಳುಬಿದ್ದ ಕಲ್ಲಿನ ಕಟ್ಟಡಗಳಿವೆ, ಪಕ್ಕದಲ್ಲೊಂದು ಚಿಮಣಿ. ಕೋಟೆಯೋ ಚರ್ಚೋ ತಿಳಿಯಲಿಲ್ಲ. ಅಲ್ಲಿ ಅಂಗಡಿಯವನೊಬ್ಬ 'ಇದು ಇಂಗ್ಲೆಂಡ್ ಅಲ್ಲ' ಅಂದನಂತೆ. ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಕೆಲಸಕ್ಕಿದ್ದವರು. ಗಣಿಯ ಕ್ಯಾಪ್ಟನ್ ದೊರೆಗಳು ಕಾರ್ನ್‌ವಾಲ್ ಕಡೆಯವರು ಅಂತ ಹೇಳುತ್ತಿದ್ದರು. ಇದಕ್ಕೂ ಅದಕ್ಕೂ ಏನಾದರೂ ಸಂಬಂಧ ಇದೆಯಾ? ಅಲ್ಲಿ ನೋಡಲೇಬೇಕಾದ್ದು ಏನು?"

ನಮಸ್ಕಾರ ಮೇಡಂ,

ಕೋಟೆಯೂ ಅಲ್ಲ, ಚರ್ಚೂ ಅಲ್ಲ. ಅದು ಎಂಜಿನ್ ಮನೆ. ಗಣಿಯೊಳಗಿನ ನೀರೆತ್ತುವ ಉಗಿ ಎಂಜಿನ್ ಇಡಲು ಕಟ್ಟಿದ ಮೂರಂತಸ್ತಿನ ಕಲ್ಲುಕಟ್ಟಡ. ಚಿಮಣಿ ಅದರ ಬಾಯ್ಲರಿನದ್ದು. ತಾತ ಹೇಳಿದ ಕ್ಯಾಪ್ಟನ್‌ಗಳೂ ಇಂಥ ಗಣಿಗಳ ಊರಿನವರೇ. ಹಾಗಾಗಿ ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಒಂದೇ ಬಾವಿಯೊಳಗಿದೆ.

ಕಾರ್ನ್‌ವಾಲ್ ಅಂದರೆ ಬ್ರಿಟನ್ನಿನ ನೈಋತ್ಯ ಮೂಲೆಯಲ್ಲಿ ಅಟ್ಲಾಂಟಿಕ್‌ಗೆ ಚಾಚಿಕೊಂಡಿರುವ ನೆಲ. ಮೂರು ಕಡೆ ಸಮುದ್ರ. ನಾಲ್ಕನೇ ಕಡೆ ಟೇಮರ್ ಹೊಳೆ. ಈ ಹೊಳೆ ಉತ್ತರ ಕರಾವಳಿಯ ಹತ್ತಿರವೇ ಹುಟ್ಟಿ ದಕ್ಷಿಣಕ್ಕೆ ಹರಿದು ಪ್ಲಿಮತ್ ಬಳಿ ಕಡಲು ಸೇರುತ್ತದೆ. ಅಂದರೆ ಇನ್ನು ಕೆಲವೇ ಕಿಲೋಮೀಟರ್ ಉದ್ದ ಇದ್ದಿದ್ದರೆ ಕಾರ್ನ್‌ವಾಲ್ ದ್ವೀಪವೇ ಆಗಿಬಿಡುತ್ತಿತ್ತು. ನೆಲದಡಿ ಗ್ರಾನೈಟ್. ಬಾಡ್ಮಿನ್ ಮೂರ್ ಎಂಬ ಬಯಲುಗುಡ್ಡದಲ್ಲಿ ಅದು ಮೇಲೆದ್ದು ಕಾಣುತ್ತದೆ. ಅಲ್ಲಿಯ ಅತಿ ಎತ್ತರದ ಬ್ರೌನ್ ವಿಲ್ಲಿ ಬರೀ 420 ಮೀಟರ್. ನಂದಿ ಬೆಟ್ಟ ನೋಡಿದವರಿಗೆ ಅದೇನು ಬೆಟ್ಟ ಅನಿಸೀತು. ಆದರೆ ಆ ಗ್ರಾನೈಟ್ ಸುತ್ತಲೇ ತವರ ಮತ್ತು ತಾಮ್ರದ ಅದಿರು ಕೂತಿದ್ದು. ಕಾರ್ನ್‌ವಾಲಿನ ಕಥೆ ಶುರುವಾಗುವುದು ಅಲ್ಲಿಂದ.

ತವರ ಅಲ್ಲಿ ಕಂಚಿನ ಯುಗದಿಂದಲೂ ಸಿಗುತ್ತಿತ್ತು. 1201ರಲ್ಲಿ ಜಾನ್ ದೊರೆ ತವರದ ಗಣಿಗಾರರಿಗೆ ಹಕ್ಕುಪತ್ರ ಕೊಟ್ಟ. ಅವರಿಗೆ ಅವರದ್ದೇ ಕಾಯ್ದೆ, ಅವರದ್ದೇ ಕೋರ್ಟು. ಮುಂದೆ ಅವರದ್ದೇ ಸಂಸತ್ತೂ ಬಂತು. ಆಗಿನ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಮೇಲುಮೇಲಿನ ಅದಿರು ಮುಗಿದ ಮೇಲೆ ಆಳಕ್ಕೆ ಇಳಿಯಬೇಕಾಯಿತು. ಆಳಕ್ಕೆ ಇಳಿದರೆ ನೀರು. ನೀರೆತ್ತಲು ಉಗಿ ಎಂಜಿನ್ ಬೇಕು, ಎಂಜಿನ್ನಿಗೆ ಕಲ್ಲಿದ್ದಲು ಬೇಕು. ಕಾರ್ನ್‌ವಾಲಿನಲ್ಲಿ ಕಲ್ಲಿದ್ದಲೇ ಇಲ್ಲ! ವೇಲ್ಸ್‌ನಿಂದ ಹಡಗಿನಲ್ಲಿ ತರಿಸಬೇಕು. ಸಾಲದ್ದಕ್ಕೆ, ಇದ್ದಲು ಉಳಿಸುವ ಎಂಜಿನ್ನಿನ ಮೇಲೆ ಜೇಮ್ಸ್ ವಾಟ್‌ನ ಪೇಟೆಂಟ್. ಹಳೇ ಎಂಜಿನ್ನಿಗೆ ಹೋಲಿಸಿದರೆ ಎಷ್ಟು ಇದ್ದಲು ಉಳಿಯುತ್ತದೋ ಅದರ ಬೆಲೆಯ ಮೂರನೇ ಒಂದು ಪಾಲು ವಾಟ್ ಕಂಪನಿಗೆ ಕಟ್ಟಬೇಕು. ಗಣಿಯವರಿಗೆ ಮೈಯೆಲ್ಲ ಉರಿ. 1800ರಲ್ಲಿ ಪೇಟೆಂಟ್ ಮುಗಿದಿದ್ದೇ ತಡ, ಕ್ಯಾಂಬೋರ್ನ್ ಕಡೆಯ ಗಣಿ ಕ್ಯಾಪ್ಟನ್ನೊಬ್ಬನ ಮಗ ರಿಚರ್ಡ್ ಟ್ರೆವಿಥಿಕ್ ಹೆಚ್ಚು ಒತ್ತಡದ ಉಗಿಯ ಎಂಜಿನ್ ಕೈಗೆತ್ತಿಕೊಂಡ. 1801ರ ಕ್ರಿಸ್‌ಮಸ್ ಹಿಂದಿನ ದಿನ ಅದನ್ನು ಗಾಲಿಗಳ ಮೇಲೆ ಕೂರಿಸಿ, ಜನರನ್ನು ಹತ್ತಿಸಿಕೊಂಡು ಕ್ಯಾಂಬೋರ್ನ್‌ನ ಏರು ಹತ್ತಿಸಿಬಿಟ್ಟ. 1804ರಲ್ಲಿ ವೇಲ್ಸ್‌ನಲ್ಲಿ ಹಳಿಯ ಮೇಲೂ ಓಡಿಸಿ ತೋರಿಸಿದ. ರೈಲು ಅಂದರೆ ಸ್ಟೀಫನ್‌ಸನ್ ಅಂತ ನಾವು ನೀವೆಲ್ಲ ಮಕ್ಕಳಿಗೆ ಹೇಳಿಕೊಟ್ಟವರೇ ಅಲ್ವಾ? ಆ ಮಾತನ್ನು ಕ್ಯಾಂಬೋರ್ನ್‌ನಲ್ಲಿ ಮಾತ್ರ ಆಡಬೇಡಿ.

1811ರಿಂದ ಇನ್ನೊಂದು ಜಾಣತನ ಮಾಡಿದರು. ಯಾವ ಗಣಿಯ ಎಂಜಿನ್ ಎಷ್ಟು ಇದ್ದಲಿಗೆ ಎಷ್ಟು ನೀರೆತ್ತಿತು ಅಂತ ತಿಂಗಳು ತಿಂಗಳೂ ಅಚ್ಚು ಹಾಕಿಸಿ ಹಂಚಿದರು. ಪಕ್ಕದ ಗಣಿಯವನ ಎಂಜಿನ್ ಮುಂದೆ ಹೋದರೆ ಇವನಿಗೆ ನಿದ್ದೆ ಬರುತ್ತಿರಲಿಲ್ಲ. ಹೀಗೆ ಪೈಪೋಟಿಯಲ್ಲೇ ಕಾರ್ನಿಷ್ ಎಂಜಿನ್ ಲೋಕಪ್ರಸಿದ್ಧವಾಯಿತು. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಜಗತ್ತಿನ ತಾಮ್ರದ ದೊಡ್ಡ ಪಾಲು ಬರುತ್ತಿದ್ದದ್ದು ಇಲ್ಲಿಂದ.

ಎಂಜಿನ್ ಮನೆಯ ಹತ್ತಿರ ಹೋದಾಗ ಒಂದು ಗಮನಿಸಿ. ನಾಲ್ಕು ಗೋಡೆಗಳಲ್ಲಿ ಒಂದು ಮಾತ್ರ ವಿಪರೀತ ದಪ್ಪ ಇರುತ್ತದೆ, ಉಳಿದವಕ್ಕಿಂತ ಗಿಡ್ಡವೂ ಹೌದು. ಎಂಜಿನ್ನಿನ ಭಾರೀ ಕಬ್ಬಿಣದ ತೊಲೆ ಕೂರುತ್ತಿದ್ದದ್ದು ಅದರ ಮೇಲೆ. ತೊಲೆಯ ಅರ್ಧ ಕಟ್ಟಡದ ಒಳಗೆ, ಅರ್ಧ ಹೊರಗೆ ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಬಾಯಿಯ ಮೇಲೆ. ಒಳಗೆ ಉಗಿ ಒಂದು ತುದಿಯನ್ನು ಎಳೆದರೆ ಹೊರಗಿನ ತುದಿ ಮೇಲೇಳುತ್ತದೆ, ಜೊತೆಗೆ ಗಣಿಯ ತಳದವರೆಗೆ ಇಳಿಬಿಟ್ಟ ಪಂಪಿನ ಸರಳೂ. ರೆಡ್ರೂತ್ ಹತ್ತಿರದ ಈಸ್ಟ್ ಪೂಲ್ ಗಣಿಯಲ್ಲಿ ಇಂಥ ಒಂದು ಎಂಜಿನ್ ಇಡಿಯಾಗಿ ಉಳಿದಿದೆ. ಸಿಲಿಂಡರಿನ ಅಗಲ 90 ಇಂಚು, ತೊಲೆಯ ತೂಕ 52 ಟನ್. 1954ರವರೆಗೂ ನೀರೆತ್ತುತ್ತಿತ್ತು. ಎಲ್ಲ ದಿನವೂ ತೆರೆದಿರುವುದಿಲ್ಲ, ಮಗನಿಗೆ ಮೊದಲೇ ವಿಚಾರಿಸಲು ಹೇಳಿ.

ಇನ್ನು ಕೋಲಾರ. 1866ರ ಸುಮಾರಿಗೆ ತಾಮ್ರದ ಬೆಲೆ ಬಿದ್ದುಹೋಯಿತು. ಲಂಡನ್ನಿನಲ್ಲಿ ದೊಡ್ಡ ಸಾಲಸಂಸ್ಥೆಯೊಂದು ದಿವಾಳಿಯಾಗಿ ಗಣಿಗಳಿಗೆ ಹಣ ಹುಟ್ಟುವುದೂ ನಿಂತಿತು. ಆಮೇಲೆ ಮಲಯಾ, ಆಸ್ಟ್ರೇಲಿಯಾಗಳ ಅಗ್ಗದ ತವರ ಬಂತು. ಗಣಿಗಳು ಒಂದೊಂದಾಗಿ ಮುಚ್ಚಿದವು. ಗಂಡಸರು ಹಡಗು ಹತ್ತಿದರು. ಮೆಕ್ಸಿಕೊ, ದಕ್ಷಿಣ ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾ, ದಕ್ಷಿಣ ಆಫ್ರಿಕಾ. ಅವರಿಗೆ ಎಲ್ಲ ಕಡೆ ಒಂದೇ ಅಡ್ಡಹೆಸರು: ಕಸಿನ್ ಜಾಕ್. ಕೆಲಸ ಖಾಲಿ ಇದೆ ಅಂದರೆ ಸಾಕು, 'ಊರಲ್ಲಿ ನಮ್ಮ ಕಸಿನ್ ಜಾಕ್ ಇದಾನೆ, ಕರೆಸಿಕೊಳ್ಳಲಾ?' ಅನ್ನುತ್ತಿದ್ದರಂತೆ.

ಅದೇ ಹೊತ್ತಿಗೆ ನಿಮ್ಮೂರಿನ ಕಡೆ ಏನಾಗುತ್ತಿತ್ತು ನೋಡಿ. ಲ್ಯಾವೆಲ್ ಎಂಬ ಐರಿಷ್ ಮಾಜಿ ಸೈನಿಕ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಕೋಲಾರದಲ್ಲಿ ಅಗೆಯುವ ಪರವಾನಗಿ ಪಡೆದ. ಅವನ ಕೈಯಲ್ಲಿ ಅದು ಸಾಗಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಈ ಕಂಪನಿ ಬೆಳೆದದ್ದೇ ಕಾರ್ನ್‌ವಾಲ್ ಮತ್ತು ಡೆವನ್ ಗಣಿಗಳಲ್ಲಿ. ಬರುವಾಗ ತನ್ನ ಜನ, ತನ್ನ ಪದ್ಧತಿ ಎರಡನ್ನೂ ತಂದಿತು. ಕಾರ್ನ್‌ವಾಲಿನಲ್ಲಿ ಗಣಿಯ ಮೇಲ್ವಿಚಾರಕನನ್ನು ಕ್ಯಾಪ್ಟನ್ ಅಂತಲೇ ಕರೆಯುವುದು. ಸೈನ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಕೋಲಾರದಲ್ಲಿ ದುಡ್ಡೆಲ್ಲ ಕರಗಿ, ಕಂಪನಿ ಮುಚ್ಚುವ ಮಾತು ನಡೆದಿದ್ದಾಗ ಅಲ್ಲಿಯ 'ಮೈಸೂರು' ಹೆಸರಿನ ಗಣಿಯಲ್ಲಿ ಚಾಂಪಿಯನ್ ಎಂಬ ಚಿನ್ನದ ಪದರ ಹುಡುಕಿಕೊಟ್ಟವನ ಹೆಸರು ಕ್ಯಾಪ್ಟನ್ ಪ್ಲಮರ್.

ತಾತ ಅವರನ್ನು 'ದೊರೆ' ಅಂದರು ಅಂತ ಬರೆದಿದ್ದೀರಿ. ನನಗೆ ತುಂಬ ಹಿಡಿಸಿದ ಮಾತು ಅದು. ಯಾಕೆಂದರೆ ಅದೇ ಮನುಷ್ಯ ರೆಡ್ರೂತ್‌ನಲ್ಲಿ ದೊರೆಯಲ್ಲ. ಗಣಿ ಕೂಲಿಯ ಮಗ, ಹತ್ತು ಹನ್ನೆರಡು ವರ್ಷಕ್ಕೇ ಕೆಲಸಕ್ಕೆ ಬಿದ್ದವನು. ಅವನ ಅಕ್ಕ ತಂಗಿಯರು ಗಣಿಯ ಅಂಗಳದಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದವರು. ಭಾನುವಾರ ಮೆಥಡಿಸ್ಟ್ ಚಾಪೆಲ್‌ನಲ್ಲಿ ಕುಟುಂಬವೆಲ್ಲ ಕೂತು ಹಾಡುತ್ತಿತ್ತು. ಅಂಥವನು ಹಡಗು ಇಳಿದು ಕೋಲಾರಕ್ಕೆ ಬಂದರೆ ಬಂಗಲೆ, ಕ್ಲಬ್ಬು, ಆಳುಕಾಳು. ಆಳಕ್ಕೆ ಇಳಿದು ಬಂಡೆ ಒಡೆದವರು ಹೆಚ್ಚಾಗಿ ಉತ್ತರ ಆರ್ಕಾಟ್, ಚಿತ್ತೂರು, ಕೋಲಾರ ಕಡೆಯ ಬಡವರು. ಅವರಿಗೆ ಸಿಕ್ಕಿದ್ದು ಲೈನ್ ಮನೆಯ ಒಂದು ಕೋಣೆ. ಕ್ಯಾಪ್ಟನ್ ತನ್ನೂರಲ್ಲಿ ಯಾವುದರ ಕೆಳಗೆ ನಲುಗಿದ್ದನೋ, ಕೋಲಾರದಲ್ಲಿ ಅದರ ಮೇಲೆ ಕೂತ. ಆದರೆ ಅವನಿಗೂ ವಾಪಸ್ ಹೋಗಲು ಊರಲ್ಲಿ ಗಣಿ ಉಳಿದಿರಲಿಲ್ಲ. ಕೆಜಿಎಫ್ ಬಗ್ಗೆ ಬರೆಯುವವರು 'ಪುಟ್ಟ ಇಂಗ್ಲೆಂಡ್' ಅಂತ ಸಲೀಸಾಗಿ ಬರೆದು ಮುಗಿಸುತ್ತಾರೆ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ.

ಅಂಗಡಿಯವನ 'ಇಂಗ್ಲೆಂಡ್ ಅಲ್ಲ' ಮಾತಿಗೆ ಬರೋಣ. ಕಾಗದದ ಪ್ರಕಾರ ಕಾರ್ನ್‌ವಾಲ್ ಇಂಗ್ಲೆಂಡಿನ ಒಂದು ಕೌಂಟಿ, ಅಷ್ಟೇ. ವೇಲ್ಸ್, ಸ್ಕಾಟ್ಲೆಂಡ್‌ಗಳಿಗಿರುವಂಥ ಪ್ರತ್ಯೇಕ ಶಾಸನಸಭೆ ಇಲ್ಲ. ಆದರೆ ಅಲ್ಲಿಯ ಹಳೇ ಭಾಷೆ ಇಂಗ್ಲಿಷಿನ ಬಳಗದ್ದಲ್ಲ, ವೇಲ್ಸ್‌ನ ವೆಲ್ಷ್ ಮತ್ತು ಫ್ರಾನ್ಸಿನ ಬ್ರಿಟನಿ ಪ್ರದೇಶದ ಬ್ರೆಟನ್ ಭಾಷೆಗಳ ಬಳಗದ್ದು. ಟೇಮರ್ ಹೊಳೆ ಗಡಿಯಾದದ್ದು ಹತ್ತನೇ ಶತಮಾನದಲ್ಲಿ. ಆಮೇಲೂ ಜಗಳ ತಪ್ಪಲಿಲ್ಲ. 1497ರಲ್ಲಿ ಸ್ಕಾಟ್ಲೆಂಡ್ ಯುದ್ಧಕ್ಕೆಂದು ದೊರೆ ತೆರಿಗೆ ಹಾಕಿದ. ಎಲ್ಲೋ ದೂರದ ಯುದ್ಧಕ್ಕೆ ನಾವೇಕೆ ಕೊಡಬೇಕು ಅಂತ ಸೇಂಟ್ ಕೆವರ್ನ್‌ನ ಕಮ್ಮಾರ ಮೈಕಲ್ ಆನ್ ಗೋಫ್ ಮತ್ತು ಬಾಡ್ಮಿನ್‌ನ ವಕೀಲ ಥಾಮಸ್ ಫ್ಲಮಾಂಕ್ ಜನ ಕಟ್ಟಿಕೊಂಡು ಲಂಡನ್ ಬಾಗಿಲಿಗೇ ನಡೆದರು. ಸೋತರು, ಇಬ್ಬರನ್ನೂ ಕೊಂದರು. 1549ರಲ್ಲಿ ಚರ್ಚಿನ ಪ್ರಾರ್ಥನೆ ಇಂಗ್ಲಿಷಿನಲ್ಲೇ ಆಗಬೇಕು ಅಂತ ಆಜ್ಞೆ ಬಂತು. ನಮ್ಮಲ್ಲಿ ಇಂಗ್ಲಿಷೇ ಬಾರದವರಿದ್ದಾರೆ ಅಂತ ಜನ ಮತ್ತೆ ದಂಗೆ ಎದ್ದರು. ಸಾವಿರಾರು ಜನ ಸತ್ತರು. ಭಾಷೆ ಪಶ್ಚಿಮದ ತುದಿಗೆ ಸರಿಯುತ್ತಾ ಹೋಯಿತು.

ಮೌಸಲ್ ಎಂಬ ಮೀನುಗಾರರ ಊರಲ್ಲಿ ಮೀನು ಮಾರುತ್ತಿದ್ದ ಡಾಲಿ ಪೆಂಟ್ರೀತ್ 1777ರಲ್ಲಿ ತೀರಿಕೊಂಡಳು. ಕಾರ್ನಿಷ್ ಆಡುತ್ತಾ ಬೆಳೆದವರಲ್ಲಿ ಆಕೆಯೇ ಕೊನೆಯವಳು ಅನ್ನುವುದು ವಾಡಿಕೆ. ವಿದ್ವಾಂಸರು ಒಪ್ಪುವುದಿಲ್ಲ, ಇರಲಿ. ಆಕೆಗೆ 1860ರಲ್ಲಿ ಕಲ್ಲು ನೆಡಿಸಿದವರಲ್ಲಿ ಒಬ್ಬ ಯಾರು ಗೊತ್ತಾ? ನೆಪೋಲಿಯನ್ನನ ತಮ್ಮನ ಮಗ! ಅವನಿಗೆ ಭಾಷೆಗಳ ಹುಚ್ಚು. 1904ರಲ್ಲಿ ಹೆನ್ರಿ ಜೆನ್ನರ್ ಕಾರ್ನಿಷ್ ಕೈಪಿಡಿ ಬರೆದ ಮೇಲೆ ಭಾಷೆಗೆ ಮತ್ತೆ ಜೀವ ಬಂತು. ಈಗ ರಸ್ತೆ ಬೋರ್ಡುಗಳಲ್ಲೂ ಕಾಣುತ್ತದೆ. 2014ರಲ್ಲಿ ಬ್ರಿಟಿಷ್ ಸರ್ಕಾರ ಕಾರ್ನಿಷ್ ಜನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಒಪ್ಪಿಕೊಂಡಿತು. ಕಪ್ಪು ಬಟ್ಟೆಯ ಮೇಲೆ ಬಿಳೀ ಶಿಲುಬೆಯ ಬಾವುಟ ಕಂಡರೆ ಅದು ಸೇಂಟ್ ಪಿರಾನ್‌ನದ್ದು. ಆತ ತವರದ ಗಣಿಗಾರರ ಸಂತ.

ಆ ಅಂಗಡಿಯವನ ಮಾತಿನಲ್ಲಿ ಬರೀ ಚರಿತ್ರೆ ಇರಲಿಕ್ಕಿಲ್ಲ, ಹೊಟ್ಟೆಪಾಡಿನ ಸಂಕಟವೂ ಇದ್ದೀತು. ಬ್ರಿಟನ್ನಿನ ಬಡ ಪ್ರದೇಶಗಳಲ್ಲಿ ಕಾರ್ನ್‌ವಾಲೂ ಒಂದು. ಚೆಂದದ ಊರುಗಳಲ್ಲಿ ಮನೆಗಳನ್ನು ಹೊರಗಿನ ಹಣವಂತರು ರಜೆಗೆಂದು ಕೊಂಡು ವರ್ಷವೆಲ್ಲ ಬೀಗ ಹಾಕಿಡುತ್ತಾರೆ. ಸ್ಥಳೀಯ ಹುಡುಗರಿಗೆ ಬಾಡಿಗೆಗೂ ಮನೆ ಸಿಗುವುದಿಲ್ಲ. ಸೇಂಟ್ ಐವ್ಸ್ ಊರಿನವರು 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ವಾಸ ಮಾಡುವವರಿಗೆ ಮಾತ್ರ ಅಂತ ನಿಯಮ ಮಾಡಿಕೊಂಡರು.

ಕೊನೆಯದಾಗಿ ಉಳಿದಿದ್ದ ತವರದ ಗಣಿ ಸೌತ್ ಕ್ರಾಫ್ಟಿ 1998ರ ಮಾರ್ಚ್‌ನಲ್ಲಿ ಮುಚ್ಚಿತು. ಕೆಜಿಎಫ್ ಮುಚ್ಚಿದ್ದು 2001ರ ಫೆಬ್ರವರಿ ಕೊನೆಗೆ. ಅದಾಗಿ ಮೂರು ವಾರ ಕಳೆಯುವ ಮುಂಚೆಯೇ ಕಾರ್ನ್‌ವಾಲಿನ ಸೇಂಟ್ ಆಸ್ಟಲ್ ಹತ್ತಿರ, ಪಿಂಗಾಣಿ ಮಣ್ಣು ತೆಗೆದು ಬಿಟ್ಟ ಗುಂಡಿಯೊಂದರಲ್ಲಿ ಈಡನ್ ಪ್ರಾಜೆಕ್ಟ್ ತೋಟ ತೆರೆಯಿತು. ಗುಳ್ಳೆಯಾಕಾರದ ದೊಡ್ಡ ಚಾವಣಿಗಳ ಕೆಳಗೆ ಮಳೆಕಾಡನ್ನೇ ಬೆಳೆಸಿದ್ದಾರೆ. 2006ರಲ್ಲಿ ಕಾರ್ನ್‌ವಾಲಿನ ಗಣಿಪ್ರದೇಶ ವಿಶ್ವ ಪರಂಪರೆಯ ತಾಣವೂ ಆಯಿತು. ನಮ್ಮ ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡಗಳ ದೂಳು ಈಗಲೂ ಗಾಳಿ ಬೀಸಿದಾಗ ಮನೆಯೊಳಗೆ ಬರುತ್ತದೆ. ಇದನ್ನು ನಿಮಗೆ ನಾನು ಹೇಳಬೇಕಿಲ್ಲ.

ಈಗ ನಾಲ್ಕು ದಿನದ ಮಾತು. ಸಾಧ್ಯವಾದರೆ ಬ್ರಿಸ್ಟಲ್‌ನಿಂದ ರೈಲಲ್ಲೇ ಹೋಗಿ. ಪ್ಲಿಮತ್ ದಾಟಿದ ಕೂಡಲೇ ಎಂಜಿನಿಯರ್ ಬ್ರೂನೆಲ್ ಕಟ್ಟಿದ 1859ರ ಸೇತುವೆಯ ಮೇಲೆ ಟೇಮರ್ ದಾಟುತ್ತೀರಿ. ಕೊನೆಯ ನಿಲ್ದಾಣ ಪೆನ್‌ಜಾನ್ಸ್, ಅಲ್ಲೇ ಉಳಿದುಕೊಳ್ಳಿ. ಪಶ್ಚಿಮದ ತುದಿಯಾದ ಲ್ಯಾಂಡ್ಸ್ ಎಂಡ್‌ಗೆ ಎಲ್ಲರೂ ಹೋಗುತ್ತಾರೆ. ನನ್ನ ಕೇಳಿದರೆ ಆ ಹೊತ್ತನ್ನು ಬೊಟಾಲಾಕ್ ಮತ್ತು ಲೆವಾಂಟ್ ಗಣಿಗಳಿಗೆ ಕೊಡಿ. ಫೋಟೊದಲ್ಲಿ ನೀವು ನೋಡಿದ್ದು ಬಹುಶಃ ಬೊಟಾಲಾಕ್. ಇಲ್ಲಿ ಸುರಂಗಗಳು ಸಮುದ್ರದ ತಳದ ಕೆಳಗೇ ದೂರ ಹೋಗಿದ್ದವು. ಬಿರುಗಾಳಿಯ ದಿನ ತಲೆಯ ಮೇಲೆ ಬಂಡೆಗಳು ಉರುಳುವ ಸದ್ದು ಕೆಳಗಿನವರಿಗೆ ಕೇಳುತ್ತಿತ್ತಂತೆ. ಲೆವಾಂಟ್‌ನಲ್ಲಿ ಕಾರ್ಮಿಕರು ಹತ್ತಿ ಇಳಿಯಲು ಒಂದು ಯಂತ್ರವಿತ್ತು. ಶಾಫ್ಟಿನುದ್ದಕ್ಕೂ ಒಂದು ಸರಳು, ಅದಕ್ಕೆ ಮೆಟ್ಟಿಲುಗಳು. ಸರಳು ಮೇಲೇರಿದಾಗ ಪಕ್ಕದ ಕಟ್ಟೆಗೆ ಕಾಲಿಡಬೇಕು, ಇಳಿದು ಬಂದಾಗ ಮತ್ತೆ ಮೆಟ್ಟಿಲು ಹತ್ತಬೇಕು. 1919ರ ಅಕ್ಟೋಬರ್ 20ರಂದು ಪಾಳಿ ಮುಗಿಸಿ ಜನ ಮೇಲೆ ಬರುತ್ತಿದ್ದಾಗ ಸರಳಿನ ಮೇಲ್ತುದಿಯ ಕೊಂಡಿ ಮುರಿಯಿತು. 31 ಜನ ಸತ್ತರು. ಪಕ್ಕದ ಗೀವರ್ ಗಣಿ ಈಗ ಮ್ಯೂಸಿಯಂ. ಒಳಗೆ ಕರೆದೊಯ್ಯುತ್ತಾರೆ, ಆದರೆ ಬಗ್ಗಿ ನಡೆಯಬೇಕು. ಮಂಡಿ ನೋವಿದ್ದರೆ ಬೇಡ.

ಪೋರ್ತ್‌ಕರ್ನೊ ಎಂಬ ಪುಟ್ಟ ಕಡಲತೀರವನ್ನೂ ನೋಡಿ. 1870ರಲ್ಲಿ ಬೊಂಬಾಯಿಗೆ ಹೋಗುವ ಟೆಲಿಗ್ರಾಫ್ ಕೇಬಲ್ ಸಮುದ್ರಕ್ಕೆ ಇಳಿದದ್ದು ಇಲ್ಲಿಯ ಮರಳಿನಿಂದ. ಅದರ ಮ್ಯೂಸಿಯಂ ಚೆನ್ನಾಗಿದೆ. ಮೇ 8ರ ಸುಮಾರಿಗೆ ಅಲ್ಲಿದ್ದರೆ ಹೆಲ್‌ಸ್ಟನ್ ಊರಿನ ಹಬ್ಬ ಸಿಗುತ್ತದೆ. ಜೋಡಿಗಳು ಬೀದಿಯಲ್ಲಷ್ಟೇ ಅಲ್ಲ, ಜನರ ಮನೆಗಳೊಳಗೂ ಹೊಕ್ಕು ಹೊರಬಂದು ಕುಣಿಯುತ್ತಾರೆ. ಸೇಂಟ್ ಮೈಕಲ್ಸ್ ಮೌಂಟ್ ಎಂಬ ಪುಟ್ಟ ದ್ವೀಪಕ್ಕೆ ಕಡಲಿನ ಇಳಿತದ ಹೊತ್ತಲ್ಲಿ ಕಲ್ಲುಹಾಸಿನ ಮೇಲೆ ನಡೆದೇ ಹೋಗಬಹುದು. ಸಮಯ ನೋಡಿಕೊಂಡು ಹೊರಡಿ, ಇಲ್ಲದಿದ್ದರೆ ದೋಣಿಗೆ ಕಾಯಬೇಕು.

ಊಟದ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಗಣಿಗಾರರ ಬುತ್ತಿಯಾಗಿ ಹೆಸರಾದ ಪ್ಯಾಸ್ಟಿ ಅಂಗೈ ಮೀರಿದ ಕರ್ಜಿಕಾಯಿಯ ಹಾಗಿರುತ್ತದೆ. ಆದರೆ ಒಳಗೆ ಬೆಲ್ಲ ಕೊಬ್ಬರಿಯಲ್ಲ. 2011ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ಕಾರ್ನಿಷ್ ಪ್ಯಾಸ್ಟಿ ಅಂದರೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ ಮತ್ತು ಟರ್ನಿಪ್ ಜಾತಿಯ ಗೆಡ್ಡೆ ಇರಲೇಬೇಕು. ನೀವು ತಿನ್ನದವರಾದರೆ ಚೀಸ್ ಈರುಳ್ಳಿಯದ್ದು ಅಂತ ಬಾಯಿಬಿಟ್ಟು ಕೇಳಿ, ಬಹುತೇಕ ಬೇಕರಿಗಳಲ್ಲಿ ಸಿಗುತ್ತದೆ. ಕೇಸರಿ ಹಾಕಿದ ಹಳದಿ ಬನ್ನೂ ಇರುತ್ತದೆ, ಚಹಾದ ಜೊತೆ ಚೆನ್ನ. ಬನ್ನಿನಂಥ ಸ್ಕೋನ್ ತರಿಸಿದರೆ ಮಾತ್ರ ಮೊದಲು ಜಾಮ್ ಸವರಿ ಆಮೇಲೆ ಕೆನೆ ಹಾಕಿಕೊಳ್ಳಿ. ಕೆನೆ ಮೊದಲು ಹಾಕುವವರು ಹೊಳೆಯಾಚೆಯ ಡೆವನ್‌ನವರು.

– ಸಂಪಾದಕ